ಕಡಿಮೆ ಬೆಲೆಯ ಏರ್ ರಿವೆಟ್ ಗನ್: ಅಲ್ಯೂಮಿನಿಯಂ ದೋಣಿಗೆ ಎಷ್ಟು ನಂಬಬಹುದು?

ಅಲ್ಯೂಮಿನಿಯಂ ದೋಣಿಯ ರಿಪೇರಿಗೆ ಅಗ್ಗದ ಏರ್ ರಿವೆಟ್ ಗನ್ ಸಾಕಾಗುತ್ತದೆಯೇ ಎಂದು ಕೇಳಿದರೆ, ಧಾರಾಳವಾಗಿ ಸಾಕು ಎನ್ನುತ್ತೇನೆ. ಆದರೆ ಗನ್ನಿನಲ್ಲಿ ಉಳಿದ ಹಣದ ಒಂದು ಪಾಲನ್ನು ಒಳ್ಳೆಯ ರಿವೆಟ್‌ಗೆ, ಅಂದರೆ ಹಾಳೆಗಳನ್ನು ಬಿಗಿದು ಹಿಡಿಯುವ ಲೋಹದ ಮೊಳೆಗೆ, ಹಾಕಬೇಕು. ನೀರನ್ನು ತಡೆಯುವುದು ರಿವೆಟ್ ಮತ್ತು ಅದರ ಸುತ್ತ ಹಚ್ಚುವ ಸೀಲೆಂಟ್. ಅವೆರಡನ್ನೂ ನೆಟ್ಟಗೆ, ಪ್ರತಿಸಲವೂ ಒಂದೇ ಬಿಗಿಯಲ್ಲಿ ಕೂರಿಸುವುದು ಗನ್ನಿನ ಕೆಲಸ. 80 ಡಾಲರ್ ಆಸುಪಾಸಿನಲ್ಲಿ ನಾನು ಕೊಂಡ ಗನ್ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ.

ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಹತ್ತು ಎಕರೆಗಿಂತ ದೊಡ್ಡದಾದ ಕೆರೆಗಳೇ ಇಲ್ಲಿ 11,842 ಇವೆ. ಮೇ ತಿಂಗಳ ನಡುವೆ ವಾಲೈ ಮೀನಿನ ಹಂಗಾಮು ಶುರುವಾಗುವ ದಿನ ಊರಿಗೆ ಊರೇ ನೀರಿನ ಮೇಲಿರುತ್ತದೆ. ನಮ್ಮ ಮನೆಯಲ್ಲಿ ಮೀನು ಹಿಡಿಯುವವರು ಯಜಮಾನರು. ದೋಣಿಯ ಉಸಾಬರಿ ನನ್ನದು. ನಾನು ಹುಟ್ಟಿದ್ದು ಹೊನ್ನಾವರದ ಕಡೆ, ಶರಾವತಿಯ ಅಳಿವೆಯ ಹತ್ತಿರ. ಅಲ್ಲಿ ನೋಡಿ ಬೆಳೆದದ್ದು ಮರದ ದೋಣಿ, ಆಮೇಲೆ ಫೈಬರ್ ದೋಣಿ. ಇಲ್ಲಿ ಸಿಹಿನೀರು, ದಡದಲ್ಲಿ ಕಲ್ಲು, ಪ್ರತಿಸಲವೂ ಟ್ರೇಲರ್ ಮೇಲೆ ಹೇರಿಕೊಂಡು ಹೋಗುವ ರೂಢಿ. ಹಾಗಾಗಿ ಹಗುರವಾದ ಅಲ್ಯೂಮಿನಿಯಂ ದೋಣಿಗಳದೇ ರಾಜ್ಯಭಾರ. ನ್ಯೂಯಾರ್ಕ್ ಮಿಲ್ಸ್ ಎಂಬ ಪುಟ್ಟ ಊರಿನ ಲುಂಡ್ ಕಂಪನಿ 1948ರಿಂದ ಇಂಥ ದೋಣಿಗಳನ್ನು ಕಟ್ಟುತ್ತ ಬಂದಿದೆ. ನಮ್ಮದು ಬೇರೆ ಕಡೆಯದು, 14 ಅಡಿ ಉದ್ದದ್ದು, ಹಲವು ಕೈ ದಾಟಿ ಬಂದದ್ದು.

ಈ ದೋಣಿಗಳ ತಳದ ಹಾಳೆ ಸಾಮಾನ್ಯವಾಗಿ ಎರಡು ಮಿಲಿಮೀಟರ್ ಆಸುಪಾಸಿನ ದಪ್ಪ. ಹಾಳೆಗೆ ಹಾಳೆಯನ್ನೂ ಒಳಗಿನ ಅಡ್ಡಪಟ್ಟಿಗಳನ್ನೂ ಸಾಲು ಸಾಲು ರಿವೆಟ್‌ಗಳು ಹಿಡಿದಿರುತ್ತವೆ. ಅಲೆಯ ಪ್ರತಿಯೊಂದು ಹೊಡೆತಕ್ಕೂ ಹಾಳೆ ಒಂದಿಷ್ಟು ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ರಿವೆಟ್ ತನ್ನ ತೂತಿನಲ್ಲೇ ಸಡಿಲವಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ನೀರು ಮಾತ್ರ ಜಿನುಗುತ್ತಿರುತ್ತದೆ. ಒಂದು ಕೆರೆಯ ಜೀವಿ ಇನ್ನೊಂದು ಕೆರೆಗೆ ಹೋಗದಿರಲೆಂದು ದೋಣಿಯನ್ನು ಸಾಗಿಸುವಾಗ ತಳದ ಬಿರಡೆ ತೆಗೆದಿರಬೇಕು ಎಂಬ ಕಾನೂನು ಈ ರಾಜ್ಯದಲ್ಲಿದೆ. ದಡಕ್ಕೆ ಬಂದು ಬಿರಡೆ ಬಿಚ್ಚಿದಾಗ ನೀರು ಎಷ್ಟು ಹೊತ್ತು ಸುರಿಯುತ್ತದೆ ಎಂಬುದನ್ನು ನೋಡಿದರೆ ದೋಣಿಯ ಆರೋಗ್ಯ ಗೊತ್ತಾಗಿಬಿಡುತ್ತದೆ.

ಸೋರುವ ಜಾಗ ಪತ್ತೆಮಾಡಲು ದೋಣಿಯನ್ನು ಟ್ರೇಲರ್ ಮೇಲೇ ಇಟ್ಟು ಒಳಗೆ ನಾಲ್ಕು ಬೆರಳಿನಷ್ಟು ನೀರು ತುಂಬಿಸಬೇಕು. ಅದಕ್ಕಿಂತ ಹೆಚ್ಚು ಬೇಡ. ನೀರಿನ ಭಾರಕ್ಕೆ ದೋಣಿಯೂ ಟ್ರೇಲರೂ ನಲುಗುತ್ತವೆ. ಆಮೇಲೆ ಅಡಿಯಲ್ಲಿ ಮಲಗಿ, ಎಲ್ಲಿ ಹನಿ ಕಟ್ಟುತ್ತದೋ ಅಲ್ಲೆಲ್ಲ ಮೇಣದ ಬಣ್ಣದ ಕಡ್ಡಿಯಿಂದ ಸುತ್ತು ಹಾಕುತ್ತ ಹೋಗುವುದು. ಒದ್ದೆಯ ಮೇಲೂ ಅದರ ಗುರುತು ಉಳಿಯುತ್ತದೆ.

ಇನ್ನು ಗನ್ನಿನ ವಿಷಯ. ಏರ್ ರಿವೆಟ್ ಗನ್ ಎಂಬ ಹೆಸರಿನಲ್ಲಿ ಎರಡು ಬಗೆಯ ಸಾಧನಗಳು ಮಾರಾಟಕ್ಕಿವೆ. ಒಂದು ಸುತ್ತಿಗೆಯಂತೆ ಬಡಿದು ಗಟ್ಟಿ ರಿವೆಟ್‌ನ ಬಾಲವನ್ನು ಚಪ್ಪಟೆ ಮಾಡುವಂಥದ್ದು. ಇನ್ನೊಂದು ಪಾಪ್ ರಿವೆಟ್‌ನ, ಅಂದರೆ ನಡುವೆ ಕಡ್ಡಿ ತೂರಿಸಿರುವ ಪೊಳ್ಳು ರಿವೆಟ್‌ನ, ಕಡ್ಡಿಯನ್ನು ಹಿಡಿದು ಎಳೆಯುವಂಥದ್ದು. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ. ಇದರ ಹಿಡಿಕೆಯ ಕೆಳಗೆ ಅಗಲವಾದ ಡಬ್ಬಿಯಂಥ ಬುಡವಿದೆ. ಕಂಪ್ರೆಸರ್‌ನಿಂದ 90 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡದಲ್ಲಿ ಬರುವ ಗಾಳಿ ಅಲ್ಲಿನ ಅಗಲವಾದ ಪಿಸ್ಟನ್ನನ್ನು ತಳ್ಳುತ್ತದೆ. ಆ ಪಿಸ್ಟನ್ನಿನ ಸಪೂರ ದಂಡ ಮೇಲಿನ ಎಣ್ಣೆಯೊಳಗೆ ನುಗ್ಗುತ್ತದೆ. ಅಗಲವಾದ ಕಡೆಯ ಬಲವೆಲ್ಲ ಸಪೂರವಾದ ಕಡೆ ಸೇರುವುದರಿಂದ ಎಣ್ಣೆಯ ಒತ್ತಡ ಗಾಳಿಯ ಒತ್ತಡದ ಎಷ್ಟೋ ಪಟ್ಟು ಏರುತ್ತದೆ. ಅದೇ ಎಣ್ಣೆ ಮೂತಿಯೊಳಗಿನ ಉಕ್ಕಿನ ದವಡೆಗಳನ್ನು ಹಿಂದಕ್ಕೆ ಎಳೆಯುತ್ತದೆ. ಕಡ್ಡಿಯ ತಲೆ ರಿವೆಟ್‌ನ ಹಿಂಬದಿಯನ್ನು ಉಬ್ಬಿಸಿ, ಹಾಳೆಗಳನ್ನು ಬಿಗಿದ ಮೇಲೆ ಕಡ್ಡಿ ಟಪ್ಪೆಂದು ಮುರಿಯುತ್ತದೆ. ಒಂದು ರಿವೆಟ್‌ಗೆ ಬೇಕಾದ ಗಾಳಿ ಬಹಳ ಕಡಿಮೆ. ನನ್ನ ಬಳಿಯಿರುವ 6 ಗ್ಯಾಲನ್‌ನ, ಅಂದರೆ ಸುಮಾರು 23 ಲೀಟರಿನ ಸಣ್ಣ ಕಂಪ್ರೆಸರ್ ಏದುಸಿರು ಬಿಡದೆ ಸಾಗಿಸುತ್ತದೆ.

ಕೈಯಿಂದ ಹಿಸುಕುವ ಹತ್ತು ಹದಿನೈದು ಡಾಲರಿನ ರಿವೆಟರ್ ಇರುವಾಗ ಇದೇಕೆ ಎಂದು ಕೇಳಬಹುದು. 3.2 ಮಿಲಿಮೀಟರಿನ ಸಣ್ಣ ರಿವೆಟ್‌ಗೆ ಕೈಯ ರಿವೆಟರ್ ಆದೀತು. ದೋಣಿಗೆ ಬೇಕಾದದ್ದು 4.8 ಮಿಲಿಮೀಟರಿನದು, ಅದರಲ್ಲೂ ತುದಿ ಮುಚ್ಚಿದ್ದು. ಅದನ್ನು ಕೈಯಿಂದ ಎಳೆಯಲು ಹೋದರೆ ಅಂಗೈ ಬೊಬ್ಬೆ ಬರುತ್ತದೆ. ಬೊಬ್ಬೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎರಡು ಮೂರು ಸಲ ಹಿಸುಕುವಾಗ ಕೈ ಒಂದು ಕಡೆಗೆ ವಾಲಿ, ರಿವೆಟ್‌ನ ತಲೆ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ನೀರಿಗೆ ಅಷ್ಟು ಜಾಗ ಸಾಕು. ಗಾಳಿಯ ಗನ್ನಿನಲ್ಲಿ ಕೈಗೆ ಇರುವುದು ಒಂದೇ ಕೆಲಸ, ಮೂತಿಯನ್ನು ಹಾಳೆಗೆ ಲಂಬವಾಗಿ ಒತ್ತಿ ಹಿಡಿಯುವುದು. ಎಳೆತ ಒಂದೇ ಏಟಿಗೆ ಮುಗಿಯುತ್ತದೆ. ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೆ ಈ ಗನ್ ಕೊಳ್ಳಬೇಕಾಗಿಲ್ಲ. ಈ ನೇರ ಎಳೆತಕ್ಕಾಗಿ ಕೊಳ್ಳಬೇಕು.

ಒಂದು ರಿವೆಟ್ ಕೂರಿಸುವುದನ್ನು ಹತ್ತಿರದಿಂದ ನೋಡಿ. ಹಳೆಯ ರಿವೆಟ್‌ನ ತಲೆಯ ನಡುವೆ ಸೆಂಟರ್ ಪಂಚ್‌ನಿಂದ ಗುಳಿ ಮಾಡಿ, ತಲೆಯಷ್ಟನ್ನೇ ಡ್ರಿಲ್ ಮಾಡಿ ತೆಗೆದು, ಉಳಿದ ದೇಹವನ್ನು ಸಪೂರ ಪಂಚ್‌ನಿಂದ ಒಳಕ್ಕೆ ತಟ್ಟಬೇಕು. ತೂತನ್ನು 11ನೇ ನಂಬರಿನ ಡ್ರಿಲ್ ಬಿಟ್‌ನಿಂದ ಹದಗೊಳಿಸಬೇಕು, ಅದು 4.85 ಮಿಲಿಮೀಟರ್, ರಿವೆಟ್‌ಗಿಂತ ಒಂದು ಎಳೆಯಷ್ಟು ದೊಡ್ಡದು. ಅಂಚಿನ ಮುಳ್ಳುಗಳನ್ನು ಕೆರೆದು, ಒರೆಸಿ, ರಿವೆಟ್‌ನ ಕುತ್ತಿಗೆಗೆ ಸೀಲೆಂಟ್ ಸವರಿ ತೂರಿಸಿ, ಗನ್ ಒತ್ತಿ ಟ್ರಿಗರ್ ಎಳೆದಾಗ ತಲೆಯ ಸುತ್ತ ಬಿಳಿಯ ಉಂಗುರವೊಂದು ಉಕ್ಕಿ ಬರುತ್ತದೆ. ಆ ಉಂಗುರವನ್ನು ನೋಡಬೇಕು. ಸುತ್ತಲೂ ಒಂದೇ ದಪ್ಪವಿದ್ದರೆ ತಲೆ ಸಮವಾಗಿ ಕೂತಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಏನೂ ಇಲ್ಲ ಎಂದಾದರೆ ರಿವೆಟ್ ಓರೆಯಾಗಿದೆ; ಸೀಲೆಂಟ್ ಹಸಿಯಿರುವಾಗಲೇ ಅದನ್ನು ತೆಗೆದು ಮತ್ತೊಂದು ಹಾಕಬೇಕು. ಈ ಗನ್ನಿನಲ್ಲಿ ಸಾಲು ಸಾಲಾಗಿ ಒಂದೇ ಸಮನಾದ ಉಂಗುರಗಳು ಬರುವುದನ್ನು ನೋಡುವುದು ನನಗೆ ತುಂಬ ತೃಪ್ತಿ ಕೊಡುತ್ತದೆ.

ಅಗ್ಗದ ಸಾಧನದ ಕೊರತೆಗಳು ಇದರಲ್ಲಿ ಇಲ್ಲದಿಲ್ಲ. ಮೊದಲನೆಯದು ಎಣ್ಣೆ. ಡಬ್ಬಿ ಬಿಚ್ಚಿದಾಗಲೇ ಎಣ್ಣೆ ಪೂರ್ತಿ ಇರಲಿಲ್ಲ. ಎಣ್ಣೆ ಕಡಿಮೆಯಾದರೆ ಅಥವಾ ಅದರಲ್ಲಿ ಗಾಳಿಗುಳ್ಳೆ ಸೇರಿದರೆ ಎಳೆತ ಮೊಟಕಾಗುತ್ತದೆ. ಒಂದು ಏಟಿಗೆ ಮುರಿಯಬೇಕಾದ ಕಡ್ಡಿಗೆ ಎರಡು ಏಟು ಬೇಕಾಗುತ್ತದೆ. ಹಾಗಾದ ಕೂಡಲೇ ಗಾಳಿಯ ಕೊಳವೆ ಕಳಚಿ, ತಿರುಪು ಬಿಚ್ಚಿ ಹೈಡ್ರಾಲಿಕ್ ಎಣ್ಣೆ ತುಂಬಿಸಬೇಕು. ಕೆಲಸ ಕಷ್ಟದ್ದಲ್ಲ, ಆದರೆ ಜೊತೆಗೆ ಬಂದ ಕೈಪಿಡಿಯ ಚಿತ್ರ ಎಷ್ಟು ಮಸುಕಾಗಿದೆಯೆಂದರೆ ಯಾವ ತಿರುಪು ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಇಷ್ಟು ಮುಖ್ಯವಾದ ಕೆಲಸಕ್ಕೆ ಒಂದು ಸ್ಪಷ್ಟ ಚಿತ್ರ ಕೊಡದಿರುವುದು ಗಿರಾಕಿಗೆ ಮಾಡುವ ಅನ್ಯಾಯ.

ಎರಡನೆಯದು ದವಡೆ. ಅಲ್ಯೂಮಿನಿಯಂ ಪುಡಿ ಹಲ್ಲುಗಳ ನಡುವೆ ಸೇರಿ ಹಿಡಿತ ಜಾರತೊಡಗುತ್ತದೆ. ಮೂತಿ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ದವಡೆ ಸವೆಯುವ ವಸ್ತು. ಬಿಡಿಭಾಗವಾಗಿ ಸಿಗುತ್ತದೆಯೇ ಎಂದು ಗನ್ ಕೊಳ್ಳುವ ಮೊದಲೇ ವಿಚಾರಿಸಿ. ಮೂರನೆಯದು, ದುಬಾರಿ ಗನ್ನುಗಳಲ್ಲಿರುವ ಹಾಗೆ ರಿವೆಟ್ಟನ್ನು ಹೀರಿ ಹಿಡಿದುಕೊಳ್ಳುವ ವ್ಯವಸ್ಥೆ ಇದರಲ್ಲಿಲ್ಲ. ಮೂತಿ ಕೆಳಮುಖವಾದರೆ ರಿವೆಟ್ ಬಿದ್ದುಹೋಗುತ್ತದೆ. ಅದಕ್ಕೆ ಮೊದಲು ರಿವೆಟ್ಟನ್ನು ತೂತಿಗೆ ಇಟ್ಟು, ಆಮೇಲೆ ಗನ್ನನ್ನು ಅದರ ಮೇಲೆ ಇಳಿಸುವುದು ವಾಸಿ. ಮುರಿದ ಕಡ್ಡಿ ಹಿಂಬದಿಯ ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿ ಇಲ್ಲದೆ ಗನ್ ಓಡಿಸಬಾರದು, ಕಡ್ಡಿ ನೇರ ಮುಖಕ್ಕೆ ಹಾರುತ್ತದೆ. ಕನ್ನಡಕ ಹೇಗೂ ಇರಲೇಬೇಕು. ತೂಕದ ಮಾತು ಹೇಳುವುದಾದರೆ, ಅಡಿಯಲ್ಲಿ ಮಲಗಿ ಎತ್ತಿ ಹಿಡಿಯಲು ಇದು ಭಾರವೇ. ಸಾಧ್ಯವಾದರೆ ದೋಣಿಯನ್ನೇ ಮಗುಚಿ ಹಾಕಿಕೊಳ್ಳಿ.

ರಿವೆಟ್ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಗನ್ನಿನ ಜೊತೆ ಉಚಿತವಾಗಿ ಬರುವ ರಿವೆಟ್‌ಗಳನ್ನು ದೋಣಿಯ ತಳಕ್ಕೆ ಹಾಕಲೇಬೇಡಿ. ಅವು ತುದಿ ತೆರೆದವು. ಕಡ್ಡಿಯ ಉಳಿಕೆ ಉದುರಿದರೆ ನಡುವೆ ಆರಪಾರ ತೂತು ಉಳಿಯುತ್ತದೆ, ಉದುರದಿದ್ದರೆ ತುಕ್ಕು ಹಿಡಿದು ಕಂದು ಕಲೆ ಇಳಿಯುತ್ತದೆ. ನೀರಿನ ಮಟ್ಟಕ್ಕಿಂತ ಮೇಲಿನ ಕೆಲಸಕ್ಕೆ, ಸೀಟಿನ ಪಟ್ಟಿ, ಗಾಳ ಇಡುವ ಗೂಡು ಮುಂತಾದವಕ್ಕೆ ಅವು ಸಾಕು. ತಳಕ್ಕೆ ಬೇಕಾದದ್ದು ಪೆನ್ನಿನ ಮುಚ್ಚಳದ ಹಾಗೆ ಒಂದು ತುದಿ ಮುಚ್ಚಿರುವ ರಿವೆಟ್. ಬೆಲೆ ಹಲವು ಪಟ್ಟು ಹೆಚ್ಚು, ಆದರೆ ಕಡ್ಡಿ ಎಳೆದ ಮೇಲೂ ಒಳಗೆ ನೀರಿಗೆ ದಾರಿಯಿಲ್ಲ. ಡಬ್ಬಿಯ ಮೇಲೆ ಎಷ್ಟು ದಪ್ಪದ ಹಾಳೆಗೆ ಎಂದು ಮುದ್ರಿಸಿರುತ್ತಾರೆ. ಹಾಳೆಗಳ ಒಟ್ಟು ದಪ್ಪ ಅಳೆದು ಅದಕ್ಕೆ ಹೊಂದುವಂಥದ್ದನ್ನೇ ತನ್ನಿ.

ಎರಡೂ ಬದಿಗೆ ಕೈ ಹೋಗುವ ಕಡೆ ಈ ಗನ್ನನ್ನು ಪಕ್ಕಕ್ಕಿಡುತ್ತೇನೆ. ಅಲ್ಲಿ ಕಾರ್ಖಾನೆಯವರು ಹಾಕಿದ ಗಟ್ಟಿ ರಿವೆಟ್‌ಗೆ ಸಾಟಿಯಿಲ್ಲ. ಎಷ್ಟೋ ಸಲ ಸಡಿಲವಾದ ಗಟ್ಟಿ ರಿವೆಟ್ಟನ್ನು ತೆಗೆಯಬೇಕಾಗಿಯೇ ಇಲ್ಲ. ಒಂದು ಕಡೆ ಉಕ್ಕಿನ ದಿಮ್ಮಿ ಆನಿಸಿ, ಇನ್ನೊಂದು ಕಡೆ ಬಡಿದರೆ ಮತ್ತೆ ಬಿಗಿಯಾಗುತ್ತದೆ. ಇದು ಇಬ್ಬರ ಕೆಲಸ. ಯಜಮಾನರು ದೋಣಿಯೊಳಗೆ ದಿಮ್ಮಿ ಹಿಡಿದು ಕೂರುತ್ತಾರೆ, ನಾನು ಹೊರಗಿನಿಂದ ಬಡಿಯುತ್ತೇನೆ. "ರೀ, ಇನ್ನೂ ಸ್ವಲ್ಪ ಒತ್ತಿ ಹಿಡಿಯಿರಿ" ಎಂದು ಕೂಗಿ ಕೂಗಿ ಗಂಟಲು ಒಣಗುತ್ತದೆ. ಹೊಸದನ್ನು ಹಾಕಿದರೆ ಚಪ್ಪಟೆಯಾದ ಬಾಲದ ಅಗಲ ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು, ಎತ್ತರ ವ್ಯಾಸದ ಅರ್ಧದಷ್ಟು ಇರಬೇಕು. ಆದರೆ ನೆಲದ ಹಲಗೆ, ಸೀಟಿನ ಕೆಳಗೆ ತುಂಬಿದ ಫೋಮ್ ಇರುವ ಕಡೆ ಹಿಂಬದಿಗೆ ಕೈ ಹೋಗುವುದೇ ಇಲ್ಲ. ಎಳೆಯುವ ಗನ್ ಮತ್ತು ಮುಚ್ಚಿದ ರಿವೆಟ್ ಅಲ್ಲಿಗಾಗಿಯೇ ಇರುವುದು.

ಸೀಲೆಂಟ್‌ಗೆ ನಾನು ನೆಚ್ಚಿಕೊಂಡಿರುವುದು 3ಎಂ ಕಂಪನಿಯ 5200. ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಅವಸರ ಮಾಡಿ ನೀರಿಗಿಳಿಸಬಾರದು. ಒಮ್ಮೆ ಕಚ್ಚಿದರೆ ಬಿಡುವುದಿಲ್ಲವಾದ್ದರಿಂದ ಮುಂದೆ ಬಿಚ್ಚಬೇಕಾದ ಕಡೆ ಇದನ್ನು ಬಳಸಬೇಡಿ. ಇನ್ನೊಂದು ಮಾತು: ಹಿಂಬದಿಯ ಮೋಟಾರು ಹಲಗೆ ಕೊಳೆತಿದ್ದರೆ, ಗೆದ್ದಲು ಹಿಡಿಯದಂತೆ ತಾಮ್ರದ ರಾಸಾಯನಿಕ ಊಡಿಸಿದ ಪ್ಲೈವುಡ್ ಹಾಕಬೇಡಿ. ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ಹಾಳೆಯನ್ನು ತಿಂದುಹಾಕುತ್ತದೆ, ಆಗ ಯಾವ ರಿವೆಟ್ಟೂ ನಿಲ್ಲುವುದಿಲ್ಲ.

ಕಂಪ್ರೆಸರ್ ಇಲ್ಲದವರು ಈ ಗನ್ನಿಗಾಗಿ ಅದನ್ನೂ ಕೊಳ್ಳುವುದು ದಂಡ. ಬೆರಳೆಣಿಕೆಯ ರಿವೆಟ್‌ಗೆ ಎರಡೂ ಕೈಯಿಂದ ಒತ್ತುವ ಉದ್ದ ಹಿಡಿಕೆಯ ರಿವೆಟರ್ ಸಾಕು. ಜಾಸ್ತಿ ದುಡ್ಡಿದ್ದರೆ ಬ್ಯಾಟರಿಯದು ಹಗುರ, ಕೊಳವೆಯ ಕಾಟವಿಲ್ಲ. ಕಂಪ್ರೆಸರ್ ಈಗಾಗಲೇ ಇದ್ದು, ಇಡೀ ದೋಣಿಯ ತಳವನ್ನು ಸರಿಪಡಿಸಲು ಹೊರಟವರು ಇದನ್ನೇ ಕೊಳ್ಳಲಿ.

ಊರಿನಲ್ಲಿ ಬಸ್ ಬಾಡಿ ಕಟ್ಟುವವರಿಗೆ, ಅಲ್ಯೂಮಿನಿಯಂ ಬಾಗಿಲು ಕಿಟಕಿ ಮಾಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ವಿದ್ಯುತ್ತಿನ ವೋಲ್ಟೇಜ್ ಗೊಡವೆ ಇಲ್ಲ. ಪಂಕ್ಚರ್ ಅಂಗಡಿಯಲ್ಲಿರುವಂಥ ಕಂಪ್ರೆಸರ್ 90 ಪಿಎಸ್‌ಐ ಕೊಟ್ಟರೆ ಆಯಿತು. ಕರಾವಳಿಯ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ದೋಣಿ ಇಟ್ಟುಕೊಂಡವರು ಮಾತ್ರ ಉಕ್ಕಿನ ಕಡ್ಡಿಯ ರಿವೆಟ್ ಬಿಟ್ಟು, ಕಡ್ಡಿಯೂ ಅಲ್ಯೂಮಿನಿಯಂ ಆಗಿರುವ ಮುಚ್ಚಿದ ರಿವೆಟ್ಟನ್ನೇ ಕೇಳಿ ತರಿಸಿಕೊಳ್ಳಿ.