ಹೋಂಸ್ಟೇ ಅಡುಗೆಮನೆಯ ಹಸಿ ಕಸ: ಗುಂಡಿ, ಡ್ರಮ್, ಗೋಬರ್ ಗ್ಯಾಸ್ – ಕೊಡಗಿನ ಮಳೆಗೆ ಯಾವುದು ತಡೆಯಿತು?

ನಾಪೋಕ್ಲು ಕಡೆ ನಮ್ಮದೊಂದು ನಾಲ್ಕು ಕೋಣೆಯ ಹೋಂಸ್ಟೇ. ಶನಿವಾರ, ಭಾನುವಾರ ಹತ್ತು ಹನ್ನೆರಡು ಜನ ಬಂದರೆ ಅಡುಗೆಮನೆಯಿಂದ ದಿನಕ್ಕೆ 10 ಕೆ.ಜಿ. ಮೀರಿ ಹಸಿ ಕಸ ಬೀಳುತ್ತದೆ. ವಾರದ ನಡುವೆ ಮನೆಯವರು ಐದೇ ಜನ ಇದ್ದಾಗ 3 ಕೆ.ಜಿ.ಯೂ ಇರುವುದಿಲ್ಲ. ಈ ಏರಿಳಿತದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅರ್ಧ ತಾಪತ್ರಯ ಅದರಿಂದಲೇ.

ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಬಾಟಲಿ, ಕವರು, ಹಾಲಿನ ಪ್ಯಾಕೆಟ್ ಒಯ್ಯುತ್ತದೆ. ಹಸಿ ಕಸ ನಮಗೇ ಬಿಟ್ಟದ್ದು. ಅದರಲ್ಲಿ ತಪ್ಪೇನೂ ಇಲ್ಲ. ಸುತ್ತ ಕಾಫಿ ತೋಟ ಇಟ್ಟುಕೊಂಡು ಸೌತೆಕಾಯಿ ಸಿಪ್ಪೆಯನ್ನು ಗಾಡಿಗೆ ಹಾಕಿ ಕಳಿಸುವುದು ನಾಚಿಕೆಗೇಡು.

ಅತ್ತೆಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಿತ್ತಲಲ್ಲಿ ಹಂದಿಗೂಡು ಇತ್ತು. ಉಳಿದ ಅನ್ನ, ಕಳಿತ ಬಾಳೆಹಣ್ಣು, ಅಕ್ಕಿ ತೊಳೆದ ನೀರು ಎಲ್ಲ ಒಂದು ಬಕೆಟಿಗೆ, ಬಕೆಟ್ ಗೂಡಿಗೆ. ಕಸವೂ ಮುಗಿಯಿತು, ಹಬ್ಬಕ್ಕೆ ಪಂದಿಕರಿಯೂ ಆಯಿತು. ಇವತ್ತಿಗೂ ಅವರ ಪ್ರಕಾರ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ 2020ರಲ್ಲಿ ಆಫ್ರಿಕನ್ ಹಂದಿ ಜ್ವರ ಈಶಾನ್ಯ ರಾಜ್ಯಗಳ ಮೂಲಕ ದೇಶದೊಳಗೆ ಬಂತು. ಆ ವೈರಸ್ ಮನುಷ್ಯರಿಗೆ ಏನೂ ಮಾಡದು, ಹಂದಿಯನ್ನು ಮಾತ್ರ ಉಳಿಸದು. ಹಂದಿಮಾಂಸ ಸೇರಿದ ಎಂಜಲು ತಿನ್ನಿಸಿದರೆ ಗೂಡಿಗೆ ಗೂಡೇ ಹೋಗಬಹುದು. ಎಲ್ಲೆಲ್ಲಿಂದಲೋ ಬರುವ ಅತಿಥಿಗಳ ತಟ್ಟೆಯಲ್ಲಿ ಉಳಿದದ್ದನ್ನು ಹಂದಿಗೆ ಹಾಕುವ ಧೈರ್ಯ ನನಗಾಗಲಿಲ್ಲ. ಗೂಡು ಈಗ ಸೌದೆ ಕೊಟ್ಟಿಗೆ.

ಉಳಿದದ್ದು ಮೂರು ದಾರಿ. ಒಂದೊಂದಾಗಿ ಪ್ರಯೋಗ ಮಾಡಿ ಮೂರು ವರ್ಷ ಕಳೆದೆ. ಕೊನೆಯ ಮಳೆಗಾಲದಲ್ಲಿ ಮಾತ್ರ ಹಟಕ್ಕೆ ಬಿದ್ದು, ದಿನದ ಕಸವನ್ನು ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿ, ಮೂರು ಪಾಲು ಮಾಡಿ ಮೂರಕ್ಕೂ ಸಮ ಹಾಕಿದೆ. ಕ್ಯಾಲೆಂಡರಿನ ಹಿಂಬದಿ ಲೆಕ್ಕ ಬರೆದೆ, ಪಕ್ಕದಲ್ಲೇ ಆ ದಿನದ ಮಳೆ. ನಮ್ಮಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು). ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚು ಮಾಮೂಲು. ಕಾಂಪೋಸ್ಟ್ ಬಗ್ಗೆ ವಿಡಿಯೋ ಮಾಡುವ ಬೆಂಗಳೂರಿನ ಮಹಡಿಗಳಲ್ಲಿ ಅದರ ಮೂರನೇ ಒಂದು ಭಾಗವೂ ಬೀಳುವುದಿಲ್ಲ. ಅವರು ಹೇಳಿದ್ದೆಲ್ಲ ನಿಜವೇ. ಅವರ ಮಹಡಿಗೆ.

ಮೊದಲು ಗುಂಡಿ. ಖರ್ಚಿಲ್ಲ, ಒಂದು ದಿನದ ಕೂಲಿ ಅಷ್ಟೆ. ನಾಲ್ಕಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಗುಂಡಿಯಷ್ಟು ಸುಖ ಯಾವುದೂ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಬಂದ ಸಿಪ್ಪೆ, ಸ್ವಲ್ಪ ಸಗಣಿ, ಅಡುಗೆಮನೆ ಕಸ, ಮೇಲೆ ಮಣ್ಣು. ಮರೆತುಬಿಟ್ಟರೂ ಅದರ ಪಾಡಿಗೆ ಕೊಳೆಯುತ್ತದೆ.

ಜೂನ್ ಎರಡನೇ ವಾರ ನಾಲ್ಕು ಇಂಚು ಮಳೆ ಹೊಡೆದ ರಾತ್ರಿ ಗುಂಡಿ ಬಾವಿಯಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹಲಸಿನ ಸಿಪ್ಪೆಯೆಲ್ಲ ಮೇಲೆ ತೇಲುತ್ತಿದೆ, ಒಂದು ಬದಿ ಕಟ್ಟೆ ಒಡೆದು ಕಪ್ಪು ನೀರು ತೋಡಿಗೆ ಇಳಿಯುತ್ತಿದೆ. ತೋಡು ಹೊಳೆಗೆ, ಹೊಳೆ ಕಾವೇರಿಗೆ. ತಲಕಾವೇರಿಯಿಂದ ಇಳಿದು ಹೆಚ್ಚು ದೂರ ಬಂದಿರುವುದಿಲ್ಲ, ಅಷ್ಟರಲ್ಲೇ ನಮ್ಮ ಮನೆಯ ಎಂಜಲು ಸೇರಿಸಿದ ಹಾಗಾಯಿತು. ಅದಕ್ಕಿಂತ ನನಗೆ ಗೊತ್ತೇ ಇಲ್ಲದಿದ್ದ ಇನ್ನೊಂದು ವಿಷಯವಿದೆ. ನೀರು ನಿಂತು ಗಾಳಿ ಆಡದ ಕಡೆ ಕಸ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ಪರಿಸರಕ್ಕೆ ಒಳ್ಳೆಯದು ಎಂದುಕೊಂಡು ತೋಡಿದ ಗುಂಡಿ ಮಳೆಗಾಲದಲ್ಲಿ ಉಲ್ಟಾ ಕೆಲಸ ಮಾಡುತ್ತಿತ್ತು.

ಪ್ರಾಣಿಗಳ ಕಾಟ ಬೇರೆ. ಕಾಡುಹಂದಿಗೆ ಗುಂಡಿಯ ವಾಸನೆ ಮದುವೆ ಮನೆಯ ವಾಸನೆ ಇದ್ದ ಹಾಗೆ. ಮೇಲೆ ಕಲ್ಲು ಹೇರಿದರೂ ಬದಿಯಿಂದ ಬಗೆಯುತ್ತವೆ. ಸಿದ್ದಾಪುರದ ಕಡೆ ಇರುವ ನಮ್ಮ ಚಿಕ್ಕಮ್ಮ ಒಮ್ಮೆ ಹಲಸಿನ ಕಸವನ್ನು ಗುಂಡಿಗೆ ಹಾಕಿ, ಎರಡನೇ ರಾತ್ರಿ ಆನೆ ಬಂದು ಬೇಲಿ, ಮೆಣಸಿನ ಬಳ್ಳಿ ಎರಡನ್ನೂ ಕಳೆದುಕೊಂಡರು. "ಆನೆಗೆ ನಾನೇ ಕಾಗದ ಬರೆದು ಕರೆದ ಹಾಗಾಯ್ತಲ್ಲೇ" ಎಂದು ಫೋನಿನಲ್ಲಿ ನಕ್ಕರು. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಹಲಸಿನ ಕಾಲದಲ್ಲಿ ಗುಂಡಿಯ ಯೋಚನೆಯೇ ಬೇಡ.

ಎರಡನೆಯದು ಡ್ರಮ್. ಕುಶಾಲನಗರದಲ್ಲಿರುವ ತಂಗಿ ಇದನ್ನು ಹೊಗಳಿ ಹೊಗಳಿ ನನ್ನ ತಲೆ ತಿಂದಿದ್ದಳು. 200 ಲೀಟರಿನ ನೀಲಿ ಡ್ರಮ್ಮಿಗೆ ಸುತ್ತ ತೂತು ಕೊರೆದು, ನಾಲ್ಕು ಇಟ್ಟಿಗೆ ಮೇಲೆ ಕೂರಿಸಿ, ಒಂದು ಪದರ ಹಸಿ ಕಸ, ಒಂದು ಪದರ ಒಣ ಎಲೆ. ಅವಳಿಗೆ ಎರಡೇ ತಿಂಗಳಲ್ಲಿ ಕಾಫಿಪುಡಿಯಂಥ ಗೊಬ್ಬರ. ನಾನೂ ಅದೇ ಡ್ರಮ್, ಅದೇ ಇಟ್ಟಿಗೆ, ಅದೇ ಲೆಕ್ಕ. ಜೂನಿನಲ್ಲಿ ಶುರು ಮಾಡಿದ್ದೊಂದೇ ವ್ಯತ್ಯಾಸ.

ಜುಲೈ ಹೊತ್ತಿಗೆ ಅದರ ಹತ್ತಿರ ಹೋಗಲಾಗುತ್ತಿರಲಿಲ್ಲ. ಸೌದೆ ಕೊಟ್ಟಿಗೆಯ ಮಾಡಿನಡಿ ಇಟ್ಟಿದ್ದರಿಂದ ಮಳೆ ನೇರ ಬೀಳುತ್ತಿರಲಿಲ್ಲ, ಆದರೂ ತಳದಿಂದ ಕಪ್ಪು ನೀರು ಸೋರುತ್ತಿತ್ತು. ಮುಚ್ಚಳ ತೆಗೆದರೆ ಬೂದು ಬಣ್ಣದ ದಪ್ಪ ಹುಳುಗಳು ಗಿಜಿಗಿಜಿ. ಒಬ್ಬ ಅತಿಥಿ ಅದರ ಫೋಟೋ ತೆಗೆದು ನನಗೇ ವಾಟ್ಸಾಪ್ ಮಾಡಿದರು, ಕೆಳಗೊಂದು ಪ್ರಶ್ನಾರ್ಥಕ ಚಿಹ್ನೆ. ಅವು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿಗಳು, ಯಾರಿಗೂ ತೊಂದರೆ ಮಾಡುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ ಎಂದು ಆಮೇಲೆ ತಿಳಿಯಿತು. ಕೋಳಿಗಳಿಗೆ ಮೊದಲೇ ಗೊತ್ತಿತ್ತು, ಡ್ರಮ್ಮಿನ ಬುಡ ಬಿಟ್ಟು ಕದಲುತ್ತಿರಲಿಲ್ಲ.

ತಪ್ಪು ಡ್ರಮ್ಮಿನದಲ್ಲ, ಒಣ ಎಲೆಯದು. ಕುಶಾಲನಗರದಲ್ಲಿ ನಮ್ಮ ಅರ್ಧದಷ್ಟೂ ಮಳೆ ಇಲ್ಲ, ತಂಗಿಗೆ ಆಗಸ್ಟಿನಲ್ಲೂ ಎರಡು ದಿನ ಬಿಸಿಲು ಸಿಗುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಒಣ ಎಲೆ ಅನ್ನುವ ವಸ್ತುವೇ ಇರುವುದಿಲ್ಲ. ಕಸಕ್ಕೆ ಕಸವೇ ಒದ್ದೆ, ಅದರ ಮೇಲೆ ಒದ್ದೆ ಎಲೆ ಹಾಕಿದರೆ ಗಾಳಿ ಎಲ್ಲಿಂದ ಆಡಬೇಕು? ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ಕಾಂಪೋಸ್ಟ್ ಚೆನ್ನಾಗಿ ಬೇಯುತ್ತದೆ. ನನ್ನ ಡ್ರಮ್ಮಿನಲ್ಲಿ ಎಷ್ಟಿತ್ತೋ ದೇವರೇ ಬಲ್ಲ. ಹಳೆ ಪೇಪರ್ ಹರಿದು ಹಾಕಿದೆ, ಅಂಟಾಯಿತು. ಮರಗಸಿ ಮಾಡಿದಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿದಾಗ, ಕೂಡಿಟ್ಟ ಸಿಲ್ವರ್ ಓಕ್ ಎಲೆ ಹಾಕಿದೆ. ಅದು ಚರ್ಮದಂಥ ಎಲೆ, ಆರು ತಿಂಗಳಾದ ಮೇಲೂ ಹಾಕಿದ ಹಾಗೇ ಹೊರಬಂತು.

ಮರುವರ್ಷ ಕಾಫಿ ಬೀಜದ ಹೊಟ್ಟು ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಕಾಫಿ ಹೊಟ್ಟು ತರಿಸಿದೆ. ಡ್ರಮ್ಮಿನ ಹಣೆಬರಹ ಬದಲಾದದ್ದು ಅಲ್ಲಿಂದ. ಹೊಟ್ಟಿನಲ್ಲಿ ಎರಡು ಜಾತಿ. ಇಡಿಯಾಗಿ ಒಣಗಿಸಿದ ಕಾಫಿ ಹಣ್ಣು, ಅಂದರೆ ಚೆರಿ, ಮಿಲ್ ಮಾಡಿದಾಗ ಬರುವ ಕಂದು ಹೊಟ್ಟು ನೀರು ಹೀರಿಕೊಳ್ಳುತ್ತದೆ, ಬೇಗ ಕರಗುತ್ತದೆ, ಪೊಟ್ಯಾಷ್ ಚೆನ್ನಾಗಿರುತ್ತದೆ. ಪಲ್ಪರ್‌ಗೆ ಹಾಕಿ ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್‌ನಿಂದ ಬರುವ ತೆಳು ಹಳದಿ ಸಿಪ್ಪೆ ಕರಗುವುದು ನಿಧಾನ, ಆದರೆ ನಡುವೆ ಗಾಳಿ ಆಡಲು ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿ, ಒಂದು ಬಕೆಟ್ ಕಸಕ್ಕೆ ಒಂದೂವರೆ ಬಕೆಟ್ ಹೊಟ್ಟು ಹಾಕಿದೆ. ಬಚ್ಚಲು ಒಲೆಯ ಬೂದಿ ಒಂದು ಹಿಡಿ.

ನಾಲ್ಕನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಆವಿ ಏಳುತ್ತಿತ್ತು. ಹೊರಗೆ ಮಳೆ, ಚಳಿ, ಒಳಗೆ ಬಚ್ಚಲುಮನೆ ಹಂಡೆಯ ಹಾಗೆ ಬಿಸಿ. ಕಬ್ಬಿಣದ ಸಲಾಕೆಯೊಂದನ್ನು ನಡುವಿಗೆ ಚುಚ್ಚಿ ಐದು ನಿಮಿಷ ಬಿಟ್ಟು ಎಳೆದೆ, ಹಿಡಿದುಕೊಳ್ಳಲು ಆಗಲಿಲ್ಲ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆ ಬೀಜ, ರೋಗಾಣು ಹೆಚ್ಚಿನವು ಸಾಯುತ್ತವೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ನನ್ನ ಹೂವಿನ ಕುಂಡಗಳನ್ನು ನೋಡಬೇಕು. ಗುಂಡಿ ಗೊಬ್ಬರ ಹಾಕಿದ ಕುಂಡಗಳಲ್ಲಿ ಆಂಥೂರಿಯಂಗಿಂತ ಟೊಮೆಟೊ ಸಸಿಯೇ ಜಾಸ್ತಿ. ಡ್ರಮ್ ಗೊಬ್ಬರದ ಕುಂಡದಲ್ಲಿ ಒಂದೂ ಎದ್ದಿಲ್ಲ.

ಹಾಗಂತ ಡ್ರಮ್ಮಿಗೆ ಕೆಲಸ ಇಲ್ಲ ಎಂದಲ್ಲ. ವಾರಕ್ಕೊಮ್ಮೆ ಕೆದಕಬೇಕು. ಒಂದು ತುಂಬಿ ಮಾಗುವಾಗ ಇನ್ನೊಂದು ಬೇಕು, ಆದ್ದರಿಂದ ಎರಡಕ್ಕಿಂತ ಕಡಿಮೆ ಇಟ್ಟುಕೊಂಡು ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಗೊಬ್ಬರ ಆಗಲು ಮೂರು ತಿಂಗಳು ಹಿಡಿಯಿತು. ಮಾಂಸದ ಎಲುಬು, ಮೀನಿನ ತಲೆ ಹಾಕಿದರೆ ನಾಯಿ ಕಾಟ. ನಡುವೆ ಎರೆಹುಳುವಿನ ತೊಟ್ಟಿಯನ್ನೂ ಒಂದು ಮಾಡಿ ನೋಡಿದೆ. ಸಾಂಬಾರಿನ ಉಪ್ಪು ಖಾರ, ಕಿತ್ತಳೆ ಸಿಪ್ಪೆ ಎರೆಹುಳುವಿಗೆ ಆಗುವುದಿಲ್ಲ, ಉಳಿದವುಗಳನ್ನು ಕೆಂಪಿರುವೆ ಮುಗಿಸಿತು. ಅದರ ಮಾತು ಅಷ್ಟಕ್ಕೇ ಸಾಕು.

ಮೂರನೆಯದು ಗೋಬರ್ ಗ್ಯಾಸ್. ಎರಡು ಹಸು ಇವೆ, ದಿನಕ್ಕೆ 20 ಕೆ.ಜಿ. ಮೇಲೆ ಸಗಣಿ ಸಿಗುತ್ತದೆ. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ದೀನಬಂಧು ಮಾದರಿ, 2 ಘನ ಮೀಟರಿನದು. ಮೂರರಲ್ಲಿ ದುಬಾರಿ ಇದೇ. ಗುಂಡಿ ತೋಡಿದ್ದರಿಂದ ಹಿಡಿದು ಪೈಪ್ ಎಳೆಯುವವರೆಗೆ ನಾನು ಹಾಕಿದ ಲೆಕ್ಕದ ಒಂದೂವರೆ ಪಟ್ಟು ಖರ್ಚಾಯಿತು. ಮೊದಲು ಕಟ್ಟಲು ಬಂದವರು ಗುಮ್ಮಟದ ಒಳಗಾರೆ ಸರಿಯಾಗಿ ಮಾಡದೆ ಗ್ಯಾಸ್ ಸೋರಿ, ಬೇರೆಯವರನ್ನು ಕರೆಸಿ ಮತ್ತೆ ಮೆತ್ತಿಸಬೇಕಾಯಿತು. ಈ ಕೆಲಸಕ್ಕೆ ಕೈ ಪಳಗಿದ ಮೇಸ್ತ್ರಿಯೇ ಬೇಕು, ಮನೆ ಕಟ್ಟುವವರೆಲ್ಲ ಇದನ್ನು ಕಟ್ಟಲಾರರು.

ಆದರೆ ಉಳಿದ ಅನ್ನ, ಸಾರು, ಹಳಸಿದ ಹಿಟ್ಟಿನ ವಿಷಯದಲ್ಲಿ ಇದರ ಸಮಕ್ಕೆ ಯಾವುದೂ ಬರುವುದಿಲ್ಲ. ಬೇಯಿಸಿದ ಕಸ ಡ್ರಮ್ಮಿನಲ್ಲಿ ಮುದ್ದೆಯಾಗಿ ನಾರುತ್ತದೆ, ಗುಂಡಿಯಲ್ಲಿ ಹಂದಿಯನ್ನು ಕರೆಯುತ್ತದೆ. ಇಲ್ಲಿ ಸಗಣಿ ನೀರಿನ ಜೊತೆ ಕಲಸಿ ಬಿಟ್ಟರೆ ಗ್ಯಾಸ್ ಆಗುತ್ತದೆ, ಅದೂ ಕೆ.ಜಿ.ಗೆ ಕೆ.ಜಿ. ನೋಡಿದರೆ ಸಗಣಿಗಿಂತ ಜಾಸ್ತಿ. ಗುಂಡಿಯಲ್ಲಿ ಸುಮ್ಮನೆ ಗಾಳಿಗೆ ಹೋಗುತ್ತಿದ್ದ ಅದೇ ಮೀಥೇನ್ ಒಲೆಯಲ್ಲಿ ನೀಲಿಯಾಗಿ ಉರಿಯುವುದನ್ನು ನೋಡಿದಾಗ ಖರ್ಚಿನ ಸಿಟ್ಟು ಸ್ವಲ್ಪ ಇಳಿಯಿತು. ಏಪ್ರಿಲಿನಲ್ಲಿ ಬೆಳಗಿನ ಕಾಫಿ, ನೂಪುಟ್ಟು, ಹಾಲು ಕಾಯಿಸುವುದು ಎಲ್ಲ ಇದರಲ್ಲೇ. ಒಂದು ಘನ ಮೀಟರ್ ಗ್ಯಾಸ್ ಸುಮಾರು 0.45 ಕೆ.ಜಿ. ಎಲ್‌ಪಿಜಿಗೆ ಸಮ.

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕಥೆ ಬೇರೆ. ಏಪ್ರಿಲಿನಲ್ಲಿ ಎರಡು ಗಂಟೆ ಉರಿಯುತ್ತಿದ್ದದ್ದು ಜುಲೈನಲ್ಲಿ ಮುಕ್ಕಾಲು ಗಂಟೆಗೆ ಇಳಿಯಿತು. ಗ್ಯಾಸ್ ಮಾಡುವ ಸೂಕ್ಷ್ಮಾಣುಗಳಿಗೆ 35 ಡಿಗ್ರಿ ಹತ್ತಿರದ ಬಿಸಿ ಬೇಕು, ನಮ್ಮ ಜುಲೈ ಹಗಲು ಇಪ್ಪತ್ತರ ಆಸುಪಾಸು. ಹಂಡೆಯ ಬಿಸಿನೀರಿನಲ್ಲಿ ಸಗಣಿ ಕಲಸಿದರೆ ತುಸು ಚೇತರಿಸುತ್ತದೆ. ಒಳಬಾಯಿಯ ತೊಟ್ಟಿಗೆ ಮಳೆನೀರು ಇಳಿಯದ ಹಾಗೆ ತಗಡು ಮುಚ್ಚಲೇಬೇಕು. ಇನ್ನೊಂದು ಎಡವಟ್ಟು ನನ್ನದೇ. ಡಿಸೆಂಬರಿನಲ್ಲಿ ಅತಿಥಿಗಳಿಗೆ ಕಿತ್ತಳೆ ರಸ ಹಿಂಡಿ, ಒಂದು ಬಕೆಟ್ ಸಿಪ್ಪೆಯನ್ನು ಹಾಗೇ ಸುರಿದುಬಿಟ್ಟೆ. ನಾಲ್ಕು ದಿನ ಒಲೆ ಮುನಿಸಿಕೊಂಡಿತು. ಸಿಪ್ಪೆಯ ಎಣ್ಣೆ ಆ ಸೂಕ್ಷ್ಮಾಣುಗಳಿಗೆ ಆಗುವುದಿಲ್ಲ. ವಾರಾಂತ್ಯದ ಎಂಜಲನ್ನೆಲ್ಲ ಸೋಮವಾರ ಒಂದೇ ಸಲ ಸುರಿದರೂ ಒಳಗೆ ಹುಳಿಯಾಗಿ ಇದೇ ಪಾಡು. ಹೋಂಸ್ಟೇಯವರು ಗಮನಿಸಬೇಕಾದದ್ದು ಇದು. ಗೋಬರ್ ಗ್ಯಾಸ್ ಹಸುವಿನ ಹಾಗೆ, ದಿನಾ ಇಷ್ಟಿಷ್ಟೇ ಮೇವು. ಡ್ರಮ್ ಮಾತ್ರ ಭಾನುವಾರ 10 ಕೆ.ಜಿ., ಸೋಮವಾರ ಏನೂ ಇಲ್ಲ ಎಂದರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗ್ಯಾಸ್ ಆದ ಮೇಲೆ ಗುಮ್ಮಟದಿಂದ ಹೊರಬರುವ ಸಗಣಿ ಬಗ್ಗಡವನ್ನು (ಸ್ಲರಿ) ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುತ್ತಿದ್ದೇವೆ, ಜೋರು ಮಳೆಯ ದಿನಗಳನ್ನು ಬಿಟ್ಟು.

ಒಂದನ್ನೇ ಆರಿಸು ಎಂದರೆ ನನ್ನ ಓಟು ಡ್ರಮ್ಮಿಗೆ. ಹಸು ಇಲ್ಲದವರೂ ಮಾಡಬಹುದು, ಬಾಡಿಗೆ ಮನೆಯವರೂ ಮಾಡಬಹುದು, ತಪ್ಪಿದರೆ ಬೋರಲು ಹಾಕಿ ಮತ್ತೆ ಶುರು ಮಾಡಬಹುದು. ಆದರೆ ಹೊಟ್ಟು ಇಲ್ಲದೆ ಈ ಕಡೆ ಡ್ರಮ್ ಇಡಬೇಡಿ, ಕುಶಾಲನಗರದ ತಂಗಿಯಂದಿರ ಮಾತು ಕೇಳಬೇಡಿ. ಹಸು ಇದ್ದು, ದಿನಾ ಕಲಸಿ ಹಾಕಲು ಕೈ ಇದ್ದರೆ ಗೋಬರ್ ಗ್ಯಾಸ್ ಜೊತೆಗಿರಲಿ. ನಮ್ಮಲ್ಲಿ ಈಗ ಬೇಯಿಸಿದ್ದೆಲ್ಲ ಗ್ಯಾಸಿಗೆ, ಸಿಪ್ಪೆ, ಬಾಳೆಲೆ, ಹಲಸು, ಕಿತ್ತಳೆ ಎಲ್ಲ ಡ್ರಮ್ಮಿಗೆ. ಗುಂಡಿಯನ್ನು ಕಾಫಿ ಕೊಯ್ಲಿನ ಕಾಲಕ್ಕೆ ತೆಗೆಯುತ್ತೇವೆ, ಏಪ್ರಿಲ್ ಮುಗಿಯುವಾಗ ಗೊಬ್ಬರ ಎತ್ತಿ ಮುಚ್ಚುತ್ತೇವೆ.

ಹೊಟ್ಟು ಮಾತ್ರ ಮಾರ್ಚ್ ಒಳಗೇ ತಂದಿಟ್ಟುಕೊಳ್ಳಬೇಕು, ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಹೂಮಳೆ, ಬಿದ್ದ ಮೇಲೆ ತಂದರೆ ಚೀಲದಲ್ಲೇ ಬೂಸ್ಟು ಹಿಡಿಯುತ್ತದೆ. ಮೊದಲ ವರ್ಷ ಎಂಟು ಚೀಲ ತರಿಸಿ ಆಗಸ್ಟಿಗೇ ಖಾಲಿಯಾಗಿತ್ತು. ಈ ಸಲ ಇಪ್ಪತ್ತು ಚೀಲ. ಸೌದೆ ಕೊಟ್ಟಿಗೆ ತುಂಬಿ, ಅಟ್ಟ ತುಂಬಿ, ಇನ್ನೂ ಮೂರು ಚೀಲ ಜಗಲಿಯಲ್ಲಿ ಉಳಿದವು. ಅತ್ತೆ ಅದನ್ನೂ ನೋಡಿದರು, ಮಳೆಗಾಲಕ್ಕೆಂದು ಒಡೆಸಿ ಅಂಗಳದಲ್ಲೇ ಬಿದ್ದಿದ್ದ ಸೌದೆಯನ್ನೂ ನೋಡಿದರು.

"ಹಂದಿಗೂಡಿಗೆ ಇಷ್ಟು ಜಾಗ ಬೇಕಾಗಿರಲಿಲ್ಲ" ಎಂದರು.