ಮೇಲ್ ಕಳಿಸಿಕೊಡುವ ಸೇವೆ: ಮೂರು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಈ ಥರದ ಸೇವೆಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ ರೀತಿ ಕೆಲಸ ಮಾಡುತ್ತವೆ, ನೀವು ಬಳಸುವುದಕ್ಕೂ ಇದು ಹೊಂದಬಹುದು.

ನಮ್ಮದು ಚಿಕ್ಕ ಬುಕಿಂಗ್ ಸಾಫ್ಟ್‌ವೇರ್. ಪಾಸ್‌ವರ್ಡ್ ಮರೆತವರಿಗೆ ಲಿಂಕ್, ದುಡ್ಡು ಕಟ್ಟಿದವರಿಗೆ ರಸೀದಿ, ಹಿಂದಿನ ದಿನ ಒಂದು ನೆನಪಿನ ಮೇಲ್. ದಿನಕ್ಕೆ ಎರಡು ಸಾವಿರದ ಆಸುಪಾಸು. ಮೊದಲು ನಮ್ಮ ಸರ್ವರ್‌ನಿಂದಲೇ ಕಳಿಸುತ್ತಿದ್ದೆವು. 'ಮೇಲ್ ಬಂದೇ ಇಲ್ಲ' ಅಂತ ಫೋನ್ ಬರುತ್ತಿತ್ತು. ನಮ್ಮ ಲಾಗ್ ನೋಡಿದರೆ ಎಲ್ಲಾ 'ಸೆಂಟ್'. ಹಾಗಾದರೆ ಬೌನ್ಸ್ ಆದದ್ದೆಲ್ಲ, ಅಂದರೆ ತಲುಪದೆ ವಾಪಸ್ ಬಂದದ್ದೆಲ್ಲ, ಎಲ್ಲಿ ಹೋಗುತ್ತಿತ್ತು? ನಮ್ಮ ನೋ-ರಿಪ್ಲೈ ವಿಳಾಸಕ್ಕೆ. ಆ ಹೆಸರಿನ ಮೇಲ್‌ಬಾಕ್ಸೇ ಇರಲಿಲ್ಲ! ವಾಪಸ್ ಬಂದ ಕಾಗದ ಇಸ್ಕೊಳ್ಳೋಕೂ ಮನೆಯಲ್ಲಿ ಜನ ಇಲ್ಲ ಅನ್ನೋ ಸ್ಥಿತಿ.

ಸೇವೆಗೆ ಸೇರಿದ ದಿನ ಡಿಎನ್‌ಎಸ್‌ಗೆ (ನಮ್ಮ ಡೊಮೇನ್ ಹೆಸರಿನ ವಿವರ ಎಲ್ಲರಿಗೂ ಕಾಣುವ ಹಾಗೆ ಬರೆದಿಡುವ ಜಾಗ) ಹಾಕಿ ಅಂತ ಮೂರ್ನಾಲ್ಕು ಸಾಲು ಕೊಟ್ಟರು. 'ಐದೇ ನಿಮಿಷ' ಅಂದಿದ್ದರು, ಒಂದೂವರೆ ದಿನ ಹೋಯಿತು. ಮೊದಲನೆಯದು ಡಿಕಿಮ್, ಅಂದರೆ ಮೇಲ್ ನಮ್ಮದೇ ಅಂತ ತೋರಿಸುವ ಡಿಜಿಟಲ್ ಸಹಿ. ಅದರ ಕೀ 2048 ಬಿಟ್‌ನದು. ಡಿಎನ್‌ಎಸ್‌ನ ಟಿಎಕ್ಸ್‌ಟಿ (ಪಠ್ಯ) ದಾಖಲೆಯಲ್ಲಿ ಒಂದು ತುಂಡಿಗೆ 255 ಅಕ್ಷರ ಮಾತ್ರ ಹಿಡಿಸುತ್ತದೆ. ನಮ್ಮ ಪ್ಯಾನೆಲ್ ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸಿ ಬಿಸಾಕಿತ್ತು. ಕೀಯನ್ನು ಎರಡು ತುಂಡು ಮಾಡಿ, ಎರಡಕ್ಕೂ ಬೇರೆ ಬೇರೆ ಉದ್ಧರಣ ಚಿಹ್ನೆ ಹಾಕಿದ ಮೇಲೆ ಸರಿಹೋಯಿತು. ಎಸ್‌ಪಿಎಫ್ ಅಂದರೆ ನಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಅದರಲ್ಲಿ ತಪ್ಪು ನನ್ನದೇ. ಹಳೆಯ ಸಾಲು ಇದ್ದ ಹಾಗೇ ಇರಲಿ ಅಂತ ಬಿಟ್ಟು, ಕೆಳಗೆ ಇನ್ನೊಂದು ಹೊಸದಾಗಿ ಹಾಕಿದೆ. ಒಂದು ಡೊಮೇನ್‌ಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಲೆಕ್ಕಕ್ಕಿಲ್ಲ, ಪರ್ಮನೆಂಟ್ ಎರರ್. ಎಲ್ಲವನ್ನೂ ಒಂದೇ ಸಾಲಲ್ಲಿ ಸೇರಿಸಬೇಕು, ಅದೂ ಡಿಎನ್‌ಎಸ್ ಹುಡುಕಾಟ 10 ದಾಟದ ಹಾಗೆ.

ಈ ಪರೀಕ್ಷೆಗಳಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್. ಅದನ್ನು ಮೊದಲು 'ನನ್' (ಏನೂ ಮಾಡಬೇಡ, ರಿಪೋರ್ಟ್ ಮಾತ್ರ ಕಳಿಸು) ಅಂತಲೇ ಇಟ್ಟು ಎರಡು ತಿಂಗಳು ರಿಪೋರ್ಟ್ ಓದಿದೆ. ಸುಮ್ನೆ ಓದಿದ್ದಲ್ಲ, ಒಂದು ಕಳ್ಳ ಸಿಕ್ಕಿದ. ನಮ್ಮದೇ ಹಳೆಯ ಲೆಕ್ಕಪತ್ರದ ಸರ್ವರ್! ಮೂಲೆಯಲ್ಲಿ ಕೂತು ನಮ್ಮ ಹೆಸರಿನಲ್ಲಿ ಸಹಿಯಿಲ್ಲದ ಬಿಲ್ ಕಳಿಸುತ್ತಿತ್ತು. ಅದನ್ನು ಸರಿ ಮಾಡಿ, ಆಮೇಲೆ 'ಕ್ವಾರಂಟೈನ್' (ಸ್ಪ್ಯಾಮ್‌ಗೆ ಹಾಕು), ಕೊನೆಗೆ 'ರಿಜೆಕ್ಟ್' (ಒಳಗೇ ಬಿಡಬೇಡ). ಮೊದಲ ದಿನವೇ 'ರಿಜೆಕ್ಟ್' ಹಾಕಿದ್ದರೆ ಆ ಬಿಲ್‌ಗಳೆಲ್ಲ ಗೋತಾ. ಜಿಮೇಲ್, ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದಾಗ ನಾವು ನಿಶ್ಚಿಂತೆಯಿಂದ ಇದ್ದದ್ದು ಇದರಿಂದಲೇ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಡಿಕಿಮ್, ಎಸ್‌ಪಿಎಫ್, ಡಿಮಾರ್ಕ್ ಮೂರೂ ಕಡ್ಡಾಯ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಅನ್ನುವುದು ಎಲ್ಲರಿಗೂ. ನಾವು ಆ 5,000ದ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಇರಲಿ.

ಇನ್ನು ನಾನು ದುಡ್ಡು ಕೊಡುವುದು ನಿಜವಾಗಿ ಯಾತಕ್ಕೆ ಅಂದರೆ ಬೌನ್ಸ್ ಲಾಗ್‌ಗೆ. ಕಳಿಸುವ ಕೆಲಸ ಯಾರು ಬೇಕಾದರೂ ಮಾಡಿಯಾರು. ಪ್ರತಿ ಬೌನ್ಸ್‌ಗೂ ಆ ಕಡೆಯ ಸರ್ವರ್ ಹೇಳಿದ ಮಾತು, ಅದರ ಕೋಡ್ ಸಮೇತ, ಇಲ್ಲಿ ಅಕ್ಷರಶಃ ಸಿಗುತ್ತದೆ. ಮೊದಲ ವಾರ ತೆಗೆದು ನೋಡಿದೆ. 550 5.1.1, ಅಂದರೆ ಅಂಥವರು ಇಲ್ಲಿ ಯಾರೂ ಇಲ್ಲ. ವಿಳಾಸ ನೋಡಿದರೆ @ಗಿಂತ ಮುಂಚಿನ ಹೆಸರಲ್ಲೇ ಅಕ್ಷರ ತಪ್ಪು. 5.2.2 ಅಂದರೆ ಬಾಕ್ಸ್ ತುಂಬಿದೆ. 5.7.26 ಅಂತ ಜಿಮೇಲ್ ಹೇಳಿದರೆ ತಪ್ಪು ನಮ್ಮ ಮನೆಯದು, ಸಹಿ ಸರಿ ಇಲ್ಲ. 4ರಿಂದ ಶುರುವಾದರೆ 'ಆಮೇಲೆ ಬಾ', 5ರಿಂದ ಶುರುವಾದರೆ 'ಬರಬೇಡ'. ನಮ್ಮ ಹಳೆಯ ಕೋಡ್‌ಗೆ ಈ ಭೇದವೇ ಗೊತ್ತಿರಲಿಲ್ಲ. ಬರಬೇಡ ಅಂದವರ ಬಾಗಿಲನ್ನೇ ಐದೈದು ಸಲ ಬಡಿಯುತ್ತಿತ್ತು. ಹೀಗೆ ಮಾಡಿದರೆ ಡೊಮೇನ್‌ನ ಮರ್ಯಾದೆ ಹೋಗದೆ ಇರುತ್ತಾ?

ಈಗ 5.1.1 ಬಂದ ತಕ್ಷಣ ವೆಬ್‌ಹುಕ್ ಮೂಲಕ (ಸೇವೆಯೇ ನಮ್ಮ ಸಾಫ್ಟ್‌ವೇರ್‌ಗೆ ತಾನಾಗಿ ಕಳಿಸುವ ಸಂದೇಶ) ನಮಗೆ ಸುದ್ದಿ ಬರುತ್ತದೆ. ಆ ಗ್ರಾಹಕರು ಮುಂದಿನ ಸಲ ಲಾಗಿನ್ ಆದಾಗ 'ನಿಮ್ಮ ವಿಳಾಸಕ್ಕೆ ಮೇಲ್ ಹೋಗುತ್ತಿಲ್ಲ, ಒಮ್ಮೆ ನೋಡಿ' ಅಂತ ಹಳದಿ ಪಟ್ಟಿ ಕಾಣುತ್ತದೆ. ಮೂರು ವರ್ಷದಲ್ಲಿ ನಾವು ಮಾಡಿದ ಅತಿ ಲಾಭದ ಬದಲಾವಣೆ ಇದೇ. ಫೋನ್ ಕರೆ ಅರ್ಧಕ್ಕರ್ಧ ಇಳಿಯಿತು. ಅದೇ ಲಾಗ್‌ನಿಂದ ಇನ್ನೊಂದೂ ತಿಳಿಯಿತು. ಕೆಲವು ಸರ್ವರ್‌ಗಳು ಹೊಸಬರನ್ನು ಬೇಕಂತಲೇ ಮೊದಲ ಸಲ ವಾಪಸ್ ಕಳಿಸುತ್ತವೆ. ಗ್ರೇಲಿಸ್ಟಿಂಗ್ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದರೆ ಒಳಗೆ ಬಿಡುತ್ತವೆ. ಅಷ್ಟರಲ್ಲಿ ನಮ್ಮ ಐದು ನಿಮಿಷದ ಒಟಿಪಿ ಸತ್ತಿರುತ್ತಿತ್ತು. ಹದಿನೈದು ನಿಮಿಷ ಮಾಡಿದೆವು.

ಈಗ ಆ ಕಿತ್ತುಕೊಂಡ ಸ್ಟಾರ್. ಗಟ್ಟಿಯಾಗಿ ಬೌನ್ಸ್ ಆದ ವಿಳಾಸವನ್ನು ಸೇವೆ ತಾನಾಗಿಯೇ ಸಪ್ರೆಷನ್ ಲಿಸ್ಟ್‌ಗೆ (ಕಳಿಸಬಾರದವರ ಪಟ್ಟಿ) ಹಾಕುತ್ತದೆ, ಮುಂದೆ ಅದಕ್ಕೆ ಕಳಿಸುವುದಿಲ್ಲ. ಒಳ್ಳೆಯದೇ. ಆದರೆ ಒಮ್ಮೆ ನಮ್ಮ ಒಬ್ಬ ದೊಡ್ಡ ಗ್ರಾಹಕರ ಮೇಲ್ ಸರ್ವರ್ ಅರ್ಧ ದಿನ ತಲೆ ಕೆಟ್ಟು ಎಲ್ಲರಿಗೂ 5.1.1 ಹೇಳಿತು. ಅವರ ಅಷ್ಟೂ ನೌಕರರ ವಿಳಾಸ ಪಟ್ಟಿಗೆ ಬಿತ್ತು. ಮುಂದಿನ ಆರು ವಾರ ಅವರಿಗೆ ಒಂದೂ ರಸೀದಿ ಹೋಗಲಿಲ್ಲ. ನಾವು ಕಳಿಸಿದ್ದಕ್ಕೆಲ್ಲ ಸೇವೆಯ ಎಪಿಐ (ನಮ್ಮ ಸಾಫ್ಟ್‌ವೇರ್ ಮೇಲ್ ಒಪ್ಪಿಸುವ ಬಾಗಿಲು) '202, ಸ್ವೀಕರಿಸಿದ್ದೇವೆ' ಅಂತಲೇ ನಗುತ್ತಿತ್ತು. ಡ್ಯಾಶ್‌ಬೋರ್ಡ್‌ನ ಮುಖಪುಟದಲ್ಲಿ ಒಂದು ಕೆಂಪು ಚುಕ್ಕೆಯೂ ಇಲ್ಲ. ಸಪೋರ್ಟ್‌ಗೆ ಬರೆದರೆ ಮೂರು ದಿನ ಬಿಟ್ಟು 'ಅದು ಇರಬೇಕಾದದ್ದೇ ಹಾಗೆ' ಅಂತ ಉತ್ತರ. ತೆಗೆಯಬೇಕಾದರೆ ಒಂದೊಂದಾಗಿ ಕ್ಲಿಕ್ ಮಾಡಬೇಕು. ನಲವತ್ತು ಆದ ಮೇಲೆ ಕೈ ಸೋತು ಸ್ಕ್ರಿಪ್ಟ್ ಬರೆದೆ. ಈಗ ಪ್ರತಿ ಸೋಮವಾರ ಪಟ್ಟಿಯ ಲೆಕ್ಕ ನೋಡುತ್ತೇನೆ. ಒಂದೇ ಡೊಮೇನ್‌ನ ವಿಳಾಸಗಳು ಗುಂಪಾಗಿ ಬಿದ್ದಿದ್ದರೆ ಮೊದಲು ಫೋನ್ ಮಾಡುತ್ತೇನೆ.

ಶೇರ್ಡ್ ಐಪಿಯ (ಹಲವು ಗ್ರಾಹಕರ ಮೇಲ್ ಹೊರಡುವ ಒಂದೇ ಇಂಟರ್ನೆಟ್ ವಿಳಾಸ) ಗೋಳು ಒಂದೇ ಸಲ ಆಯಿತು. ಅದೇ ಐಪಿಯಲ್ಲಿದ್ದ ಇನ್ಯಾರೋ ಕಸ ಕಳಿಸಿದರು, ಐಪಿ ಬ್ಲಾಕ್‌ಲಿಸ್ಟ್ ಸೇರಿತು, ನಮ್ಮ ಮೇಲ್ ನಿಂತಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಮಾರನೇ ದಿನ ಸೇವೆಯವರು ನಮ್ಮನ್ನು ಬೇರೆ ಐಪಿಗಳ ಗುಂಪಿಗೆ ಹಾಕಿದರು, ಅದಕ್ಕೆ ಬೈಯಲ್ಲ. ಸ್ವಂತ ಐಪಿ ತಗೊಳ್ಳಿ ಅಂತ ಒತ್ತಾಯ ಮಾಡಿದರು, ತಗೊಳ್ಳಲಿಲ್ಲ. ದಿನಕ್ಕೆ ಎರಡು ಸಾವಿರ ಮೇಲ್‌ಗೆ ಅದರ ಹೆಸರು ಗಟ್ಟಿಯಾಗುವುದು ಕಷ್ಟ.

ಯಾರು ಯಾವ ಲಿಂಕ್ ಒತ್ತಿದರು ಅಂತ ಎಣಿಸುವ ಕ್ಲಿಕ್ ಟ್ರ್ಯಾಕಿಂಗ್ ಮೊದಲಿಂದಲೇ ಆನ್ ಇರುತ್ತದೆ, ಆಫ್ ಮಾಡಿ. ನಮ್ಮ ಲಿಂಕನ್ನೆಲ್ಲ ಅವರ ಡೊಮೇನ್‌ಗೆ ತಿರುಗಿಸಿಬಿಡುತ್ತದೆ. ಪಾಸ್‌ವರ್ಡ್ ಮೇಲ್‌ನಲ್ಲಿ ಅಪರಿಚಿತ ಲಿಂಕ್ ಕಂಡರೆ ಯಾರು ಒತ್ತುತ್ತಾರೆ? ಇನ್ನೊಂದು, ಕೆಲವು ಆಫೀಸುಗಳ ಸೆಕ್ಯುರಿಟಿ ಸ್ಕ್ಯಾನರ್ ಮೇಲ್ ಬಂದ ಕೂಡಲೇ ಲಿಂಕನ್ನು ತಾನೇ ತೆರೆದು ನೋಡುತ್ತದೆ. ಒಂದೇ ಸಲಕ್ಕೆ ಅಂತ ಇದ್ದ ಲಿಂಕ್ ಮನುಷ್ಯರು ಮುಟ್ಟುವ ಮೊದಲೇ ಖರ್ಚಾಗುತ್ತಿತ್ತು. ಈಗ ಲಿಂಕ್ ತೆರೆದರೆ ಒಂದು ಬಟನ್ ಬರುತ್ತದೆ, ಅದನ್ನು ಒತ್ತಿದರೆ ಮಾತ್ರ ಲೆಕ್ಕ.

ಮುಂದಿನ ವರ್ಷಕ್ಕೂ ರಿನ್ಯೂ ಮಾಡಿದ್ದೇನೆ. ಸಪ್ರೆಷನ್ ಲಿಸ್ಟ್ ಬಗ್ಗೆ ನಾನು ಹಾಕಿದ ಟಿಕೆಟ್ ಇನ್ನೂ ಓಪನ್ ಇದೆ. ನೋ-ರಿಪ್ಲೈ ತೆಗೆದು, ಜನ ಓದುವ ನಿಜವಾದ ಮೇಲ್‌ಬಾಕ್ಸ್ ಇಟ್ಟಿದ್ದೇವೆ. ಕಳೆದ ವಾರ ಅಲ್ಲಿಗೆ ಒಂದು ಉತ್ತರ ಬಂದಿತ್ತು: 'ರಸೀದಿ ಬಂತು, ಆದರೆ ನನ್ನ ಹೆಸರು ತಪ್ಪಾಗಿದೆ.'