"ಕಾಮಿಕ್ಸ್ ಹಾರರ್ ಸ್ಪೆಷಲ್ ಶೋ" ಅಂತ ಮೆಸೇಜ್ ಬಂದ್ರ ರೊಕ್ಕ ಹಾಕಬ್ಯಾಡ್ರಿ

ಬೆಳಗಾವಿ ಮಂದಿ ಇದನ್ನ ಸ್ವಲ್ಪ ಓದ್ರಿ. "ಫ್ರಮ್ ಹೆಲ್, ದೊಡ್ಡ ಪರದೆ ಮ್ಯಾಲ, ಒಬ್ಬರಿಗೆ 300 ರೂಪಾಯಿ" ಅಂತ ವಾಟ್ಸಾಪ್‌ನ್ಯಾಗ ಒಂದು ಮೆಸೇಜ್ ತಿರಗಾಕತ್ತೈತಿ. ಫ್ರಮ್ ಹೆಲ್ ಅಂದ್ರ ಅದ ಹೆಸರಿನ ಕಾಮಿಕ್ಸ್ ಪುಸ್ತಕದ ಮ್ಯಾಲ ತಗದ ಇಂಗ್ಲಿಷ್ ಪಿಚ್ಚರ್. ಟಿಳಕವಾಡಿ ಕಡೆ ಒಂದು ಹಾಲ್‌ನ್ಯಾಗ ಶೋ. ನಾನೂ ರೊಕ್ಕ ಹಾಕಿ ಹೋಗೀನಿ, ಬರೇ ನಾ ಅಷ್ಟ ಅಲ್ಲ, ಕಾಕಾನ ಮಗನ್ನ, ಅವನ ದೋಸ್ತರನ್ನ ಎಲ್ಲಾರನ್ನೂ ಎಳ್ಕೊಂಡು ಹೋಗೀನಿ, ಸಿಟ್ಟು ಇನ್ನೂ ಇಳಿದಿಲ್ಲ ನಂದು.

ಮೆಸೇಜ್‌ನ್ಯಾಗ ಏನ್ ಬರದಿದ್ರು ಗೊತ್ತೈತೇನ್ರಿ? "1888ರ ಲಂಡನ್, ಜಾಕ್ ದ ರಿಪ್ಪರ್. ಕೊಲೆಗಾರ ಯಾರಂತ ಮೊದಲಿಂದನ ಗೊತ್ತಿರತೈತಿ, ಅವನ ತೆಲಿಯೊಳಗ ಹೊಕ್ಕು ನೋಡು ಕಥಿ. ಕಣ್ಣಿಗೆ ಹಬ್ಬ. ಶೋ ಆದ ಮ್ಯಾಲ ಮೂಲ ಕಾಮಿಕ್ಸ್ ಪುಸ್ತಕ ನೋಡಾಕ ಇಡ್ತೀವಿ." ಜಾಕ್ ದ ರಿಪ್ಪರ್ ಅಂದ್ರ ಲಂಡನ್ನಿನ್ಯಾಗ ಹೆಣ್ಮಕ್ಕಳನ್ನ ಕೊಂದು ಕಡೀತನಕ ಸಿಗದ ಕೊಲೆಗಾರ. ಅವನ ಮ್ಯಾಲ ಅಲನ್ ಮೂರ್ ಬರದು ಎಡ್ಡಿ ಕ್ಯಾಂಪ್‌ಬೆಲ್ ಚಿತ್ರ ತಗದ ಪುಸ್ತಕ ಅದು, ಎಷ್ಟ್ ದಪ್ಪ, ಎಷ್ಟ್ ತುಟ್ಟಿ ಅಂತ ಗೊತ್ತಿದ್ದವರಿಗೆ ಗೊತ್ತು. ಕೈಯಾಗ ಹಿಡದು ನೋಡಾಕ ಸಿಗತೈತಿ ಅಂತನ ಅರ್ಧ ಹೋಗಿದ್ದು ನಾ.

ಪಿಚ್ಚರ್ ಚಾಲೂ ಆತು. ಸುಳ್ಳ್ಯಾಕ ಹೇಳ್ಲಿ, ನೋಡಾಕ ಬೆಂಕಿ. ಕೆಂಪ ಆಕಾಶ, ಮಂಜು, ಒದ್ದಿ ಕಲ್ಲಿನ ಓಣಿ, ಅದರಾಗ ಬರು ಕುದುರಿ ಗಾಡಿ. ಕೊಲೆ ನಡದ ಲಂಡನ್ನಿನ ಆ ವೈಟ್‌ಚಾಪೆಲ್ ಓಣಿ ಪ್ರಾಗ್ ಊರ ಹತ್ರ ಸೆಟ್ ಹಾಕಿ ಕಟ್ಟ್ಯಾರಂತ ನಾನ ಹುಡುಗ್ರಿಗೆ ಹೇಳಿದೆ, ಭಾಳ ಶಾಣ್ಯಾ ಆಗಿ.

ಅರ್ಧ ಪಿಚ್ಚರ್ ಆತು, ಕೊಲೆಗಾರನ ಮುಖ ಇಲ್ಲ. ಬರೇ ಗಾಡಿ, ಬರೇ ನೆರಳು, ಬರೇ ದ್ರಾಕ್ಷಿ ಗೊಂಚಲ. ಕಾಕಾನ ಮಗ ಕಿವಿಯಾಗ ಕೇಳ್ತಾನ, "ಅಣ್ಣಾ, ಕೊಲೆಗಾರ ಮೊದಲ ಗೊತ್ತಾಗ್ತಾನ ಅಂದಿದ್ದಿ?" ಆವಾಗ ಹೊಡೀತ್ರಿ ತೆಲಿಗಿ. ಅವರು ಬರದಿದ್ದು ಪುಸ್ತಕದ ಕಥಿ! ಪುಸ್ತಕದಾಗ ಕೊಲೆಗಾರ ಶುರುವಿನಿಂದ ಎದುರಿಗೇ ಇರ್ತಾನ, ಪಿಚ್ಚರ್‌ನ್ಯಾಗ ಅವನನ್ನ ಕಡೀ ಹತ್ತಿರತನಕ ಮುಚ್ಚಿಟ್ಟು ಸಾದಾ ಪತ್ತೇದಾರಿ ಮಾಡಿಟ್ಟಾರ. ಪುಸ್ತಕದ ಗುಣಗಾನ ಪಿಚ್ಚರಿಗೆ ಅಂಟಿಸಿ ನಮ್ಮ ಕಡೆ ರೊಕ್ಕ ಕಿತ್ಕೊಂಡಾರ.

ಪಿಚ್ಚರರ ಏನ್ ಚೊಲೋ ಐತಿ ಅಂತೀರಿ? ಕೊಲೆಗಾರನ್ನ ಹುಡಕು ಅಬರ್‌ಲೈನ್ ಪುಸ್ತಕದಾಗ ದಣಿದ, ದಪ್ಪನ ಸಾದಾ ಪೊಲೀಸ. ಇಲ್ಲಿ ಜಾನಿ ಡೆಪ್, ಅಫೀಮು ಸೇದಿ ಕನಸಿನ್ಯಾಗ ಕೊಲೆ ಕಾಣ್ತಾನ. ಪುಸ್ತಕದಾಗ ಹಿಂಗ ಕಾಣತೈತಿ ಅನ್ನಾಂವ ಬ್ಯಾರೆ ಒಬ್ಬ, ಅವನೂ ಎಲ್ಲಾ ಸುಳ್ಳು ಹೇಳಿದ್ದೆ ಅಂತ ತಾನ ಒಪ್ಪತಾನ. ಖರೇ ಅಬರ್‌ಲೈನ್ 1929ರತನಕ ಬದುಕಿದ್ದ, ಇವರು ಅಫೀಮಿನ್ಯಾಗ ಸಾಯಿಸ್ಯಾರ. ಕೊಲೆಗಾರ ಬೆನ್ನು ಹತ್ತಿದ ಹೆಣ್ಮಗಳು ಮೇರಿ ಕೆಲ್ಲಿ ಆದ ಹೀದರ್ ಗ್ರಹಾಂ ಹೊಟ್ಟಿಗಿಲ್ದ ಓಣಿ ಓಣಿ ಅಲಿಯಾಕಿ, ಮುಖ ಮಾತ್ರ ಈಗ ಪಾರ್ಲರ್‌ನಿಂದ ಬಂದಂಗ. ನಡುವ ಲವ್ ಬ್ಯಾರೆ. ಹೆದರಿಕಿ? ಎಲ್ಲೈತ್ರಿ ಹೆದರಿಕಿ, ನಾ ಹೆದರಿದ್ದು ಹುಡುಗ್ರು ಮನಿಗಿ ಹೋಗಿ ಏನ್ ಹೇಳ್ತಾರೋ ಅಂತ.

ಶೋ ಮುಗೀತು, ಪುಸ್ತಕ ಎಲ್ಲೈತ್ರಿ ಅಂದೆ. ಶೋ ಇಟ್ಟಾಂವ ಟೇಬಲ್ ಮ್ಯಾಲ ಒಂದು ಲ್ಯಾಮಿನೇಶನ್ ಹಾಳಿ ತೋರ್ಸಿದ. ಏನದು? ಪಿಚ್ಚರಿನ ಪೋಸ್ಟರ್! ಜಾನಿ ಡೆಪ್ ಮುಖ! ಕಪ್ಪು-ಬಿಳಿ ಗೆರಿ ಚಿತ್ರದ ಪುಸ್ತಕ ಕೇಳಿದ್ರ ಕಲರ್ ಜೆರಾಕ್ಸ್.

"ಪುಸ್ತಕ ಕೊರಿಯರ್‌ನ್ಯಾಗ ಐತ್ರಿ ಸರ್."

ಮೆಸೇಜ್‌ನ್ಯಾಗ ಬ್ಯಾರೆ ಕಥಿ ಬರದೀರಲ್ಲ ಅಂದೆ. "ನೆಟ್‌ನ್ಯಾಗ ಇದ್ದದ್ದು ಹಾಕೀವ್ರಿ, ಹೆಸರು ಒಂದ ಅಲ್ರೀ?"

ರೊಕ್ಕ ವಾಪಸ್ ಕೊಡ್ರಿ ಅಂದ್ರ, "ಕಡೀತನಕ ಕುಂತು ನೋಡೀರಲ್ಲ ಸರ್. ಕಣ್ಣಿಗೆ ಹಬ್ಬ ಅಂದಿದ್ವಿ, ಹಬ್ಬ ಆತಿಲ್ಲೋ?" ನಕ್ಕೊಂತ ಹೇಳ್ತಾನ್ರೀ! ಹುಡುಗ್ರೂ ನಕ್ರು, ನನ್ನ ಕಡೆ ನೋಡಿ.

ರಾತ್ರಿ ಮೆಸೇಜ್ ಹಾಕಿದೆ, ನೀಲಿ ಟಿಕ್ ಬಂತು, ಒಂದು ಕೈ ಮುಗಿಯೋ ಎಮೋಜಿ ಬಂತು, ಆಮ್ಯಾಲ ಗ್ರೂಪಿನಿಂದನ ತಗದು ಒಗದ್ರು. ಈಗ ಅದ ಮೆಸೇಜ್, ಅದ ಅಕ್ಷರ, ಬ್ಯಾರೆ ಗ್ರೂಪ್‌ನ್ಯಾಗ ಮತ್ತ ಬಂದೈತಿ.

ಮೊದಲ ರೊಕ್ಕ ಹಾಕ್ರಿ ಅಂದ್ರ ಹಾಕಬ್ಯಾಡ್ರಿ. ಪುಸ್ತಕದ ಒಳಗಿನ ಹಾಳಿ ಫೋಟೊ ಕಳಸ್ರಿ ಅಂತ ಕೇಳ್ರಿ, ಸುಮ್ನಾಗ್ತಾರ. ಇಷ್ಟ್ ಹೇಳಿದ ಮ್ಯಾಲೂ ಹೋಗ್ತೀನಿ ಅನ್ನೋರಿಗೆ: ಆ ಕಥಿಯೊಳಗ ಕೊಲೆಗಾರ ರಾಣಿ ವಿಕ್ಟೋರಿಯಾನ ಡಾಕ್ಟರ್ ವಿಲಿಯಂ ಗಲ್. ಈಗ ಹೋಗ್ರಿ ನೋಡೂಣು.